ಗಂಡನ ಹೆಸರು ಹೇಳಿದವಳು

ಚಿತ್ರದುರ್ಗದ ಕೋರ್ಟಿನಲ್ಲಿ ಗಂಡನ ವಿರುದ್ಧ ಸಾಕ್ಷಿ ಹೇಳಿ ಮಂಗಳಾ ಹೊರಗೆ ಬಂದಾಗ ಅವಳ ಮೈದುನ ಬೋರಪ್ಪ ಮೆಟ್ಟಿಲ ಬಳಿ ಕಾಯುತ್ತಿದ್ದ. ಅವಳು ಪೂರ್ತಿ ಇಳಿಯುವ ಮೊದಲೇ ಜಡೆಗೆ ಕೈಹಾಕಿ ಎಳೆದ. ಮಂಗಳಾ ಮೊಣಕಾಲೂರಿ ಬಿದ್ದಳು. ಅವನು ಅವಳ ಮುಖವನ್ನು ಕಂಬಕ್ಕೆ ಗುದ್ದಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು.

"ಕಟ್ಕಂಡ ಗಂಡನ್ನ ಜೈಲಿಗೆ ಹಾಕಿಸ್ತೀಯೇನೇ? ಅದೂ ಹೆಸರು ಹಿಡಿದು ಹೇಳ್ತೀಯಾ, ಜಡ್ಜಿನ ಮುಂದೆ?"

ಪೊಲೀಸರು ಓಡಿಬಂದು ಬಿಡಿಸುವಷ್ಟರಲ್ಲಿ ಅವಳ ಕೂದಲಿನ ಒಂದು ಹಿಡಿ ಅವನ ಮುಷ್ಟಿಯಲ್ಲೇ ಉಳಿದಿತ್ತು.

ಮದುವೆಯಾದಾಗಿನಿಂದ ಮಂಗಳಾ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. "ನಮ್ಮೆಜಮಾನ್ರು" ಅನ್ನುತ್ತಿದ್ದಳು, ಇಲ್ಲವೇ "ನಮ್ಮನೇರು". ಅವತ್ತು ಕಟಕಟೆಯಲ್ಲಿ ನಿಂತು "ಹನುಮಂತರಾಜು" ಎಂದಳು. ಸಣ್ಣ ದನಿಯಲ್ಲಿ ಹೇಳಿದ್ದಕ್ಕೆ ನ್ಯಾಯಾಧೀಶರು ಇನ್ನೊಮ್ಮೆ ಕೇಳಿದರು. ಎರಡನೆಯ ಸಲ ಕೋರ್ಟು ತುಂಬ ಕೇಳಿಸುವಂತೆ ಹೇಳಿದಳು.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಹನುಮಂತರಾಜು ಶಾಲೆಯ ವ್ಯಾನು ಓಡಿಸುತ್ತಿದ್ದ. ಮಂಗಳಾ ಊರಂಚಿನ ಕೊಬ್ಬರಿ ಮಂಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಪಕ್ಕದ ಮನೆಯ ಹುಡುಗಿ ಸದಾ ಇವರ ಮನೆಯಲ್ಲೇ ಇರುತ್ತಿತ್ತು. ಆ ಮಗುವಿನ ಹೆಸರನ್ನು ಮಂಗಳಾ ಯಾರ ಮುಂದೂ ಹೇಳುವುದಿಲ್ಲ, ಅವಳಿಂದಲೇ ಇದನ್ನೆಲ್ಲ ಕೇಳಿ ತಿಳಿದ ನಾನೂ ಬರೆಯುವುದಿಲ್ಲ. ಒಂದು ಮಧ್ಯಾಹ್ನ ಜ್ವರ ಬಂದು ಮಂಗಳಾ ಬೇಗ ಮನೆಗೆ ಬಂದಳು. ವ್ಯಾನು ನಿಲ್ಲಿಸುವ ಶೆಡ್ಡಿನಿಂದ ಮಗು ಅಳುತ್ತ ಓಡಿಬಂದು ಅವಳ ಸೊಂಟ ತಬ್ಬಿಕೊಂಡಿತು. ಹಿಂದೆಯೇ ಗಂಡ ಬಂದ. ಅವನ ಮುಖ ನೋಡಿದ ಮೇಲೆ ಅವಳಿಗೆ ಕೇಳಬೇಕಾದ್ದು ಏನೂ ಉಳಿಯಲಿಲ್ಲ.

ಮಗುವನ್ನು ಎತ್ತಿಕೊಂಡು ಹೋಗಿ ಅದರ ತಾಯಿಯ ಮಡಿಲಿಗೆ ಹಾಕಿ ಬಂದಳು. ಮನೆಯ ಬಾಗಿಲಲ್ಲೇ ಗಂಡ ಬೆಲ್ಟು ಸುತ್ತಿಕೊಂಡು ನಿಂತಿದ್ದ. ಬಕಲ್ಲಿನ ಕಡೆಯಿಂದ ಹೊಡೆದ. ಬೆನ್ನು, ತೋಳು, ಕೊನೆಗೆ ಬಿದ್ದವಳ ಹೊಟ್ಟೆಗೆ ಒದೆ. "ಬಾಯಿ ಬಿಟ್ಟರೆ ಬಾವಿಗೆ ಹಾಕ್ತಿನಿ" ಅಂದ. ಬೆಳಗ್ಗೆ ಅವಳು ಮಗುವಿನ ತಾಯಿಯ ಜೊತೆ ಠಾಣೆಗೆ ನಡೆದಳು. ಬೆನ್ನಿನ ಗಾಯಕ್ಕೆ ರವಿಕೆ ಅಂಟಿಕೊಂಡಿತ್ತು. ಅದನ್ನು ಬಿಡಿಸಲು ಮಹಿಳಾ ಪೊಲೀಸ್ ಒಬ್ಬಳು ನೀರು ಹಾಕಬೇಕಾಯಿತು.

ಶಿಕ್ಷೆಯಾಯಿತು. ಅವನು ಜೈಲಿಗೆ ಹೋದ ದಿನವೇ ಬೋರಪ್ಪ ಅವಳ ಪಾತ್ರೆಪಗಡ, ಬಟ್ಟೆಯನ್ನೆಲ್ಲ ಬೀದಿಗೆ ಎಸೆದ. ಮಂಗಳಾ ತವರಿಗೆ, ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರಕ್ಕೆ, ತಾಯಿ ಕಾಟಮ್ಮನ ಮನೆಗೆ ಬಂದಳು. ತೋಟದ ಕೂಲಿ, ಸಂಘದ ಅಡುಗೆ, ಸಿಕ್ಕಿದ್ದು ಮಾಡಿದಳು. ದೇವಸ್ಥಾನದ ಬೀದಿಯಲ್ಲಿ ಹೆಂಗಸರು ಇವಳನ್ನು ಕಂಡರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಹೋಗುತ್ತಿದ್ದರು. ತಪ್ಪು ಮಾಡಿದವನಿಗಿಂತ ಹೇಳಿದವಳೇ ಅವರಿಗೆ ಅಂಟುರೋಗದಂತೆ ಕಂಡಿದ್ದಳು.

ವರ್ಷಗಳು ಕಳೆದು ಅವನು ಬಿಡುಗಡೆಯಾದ ಸುದ್ದಿ ಬಂತು. ಎಲ್ಲಿಗೆ ಹೋದ ಎಂದು ಯಾರೂ ಹೇಳಲಿಲ್ಲ. ಅದು ತಿಳಿದದ್ದು ಅಕ್ಕನ ಮಗಳು ಪಲ್ಲವಿಯಿಂದ. ಹಿರಿಯೂರಿಗೆ ಮದುವೆಯಾಗಿ ಹೋಗಿ, ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು ಒಂದು ಬೆಳಗ್ಗೆ ಫೋನು ಮಾಡಿ ಅತ್ತಳು.

"ಚಿಕ್ಕಮ್ಮ, ಅವನ್ನ ನೋಡ್ದೆ. ಮೀಸೆ ತೆಗ್ದವ್ನೆ. ಇಲ್ಲಿ ರಾಜು ಅಂತ ಹೆಸರು ಇಟ್ಕಂಡವ್ನೆ."

"ಏನು ಕೆಲಸ ಮಾಡ್ತಾನೆ?"

"ಸ್ಕೂಲ್ ವ್ಯಾನು ಓಡಿಸ್ತಾನೆ ಚಿಕ್ಕಮ್ಮ."

ಅದೇ ದಿನ ಮಂಗಳಾ ಹಿರಿಯೂರಿಗೆ ಹೋದಳು. ಶಾಲೆಯ ಯಜಮಾನ ಅವಳನ್ನು ಕೂರಿಸಿ, ನೀರು ಕೊಡಿಸಿ, ಎಲ್ಲವನ್ನೂ ಕೇಳಿದ. ಕೊನೆಗೆ, "ನಿಮ್ಮ ಮಾತಿಗೆ ದಾಖಲೆ ಏನೈತೆ ಕೊಡ್ರಮ್ಮ. ಗಂಡ ಹೆಂಡ್ತಿ ಜಗಳ ತಂದು ನಮ್ಮ ಸ್ಕೂಲಿಗೆ ಹಾಕಬ್ಯಾಡ್ರಿ" ಎಂದ. ಅವಳು ಠಾಣೆಗೆ ಹೋದಳು. ಅಲ್ಲಿದ್ದ ವಯಸ್ಸಾದ ದಫೇದಾರ ಮೆತ್ತಗೆ ಹೇಳಿದ: "ಇಂಥವರ ದಾಖಲೆ ಇಲಾಖೇಲಿ ಇರ್ತೈತಮ್ಮ. ನಾವು ನೋಡಬಹುದು. ಜನಕ್ಕೆ ತೋರಿಸೋ ಹಂಗಿಲ್ಲ. ಒಂದು ಅರ್ಜಿ ಬರೆದು ಕೊಟ್ಟು ಹೋಗು, ವಿಚಾರಿಸ್ತೀವಿ."

ಅರ್ಜಿ ಕೊಟ್ಟು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದಳು. ಶಾಲೆಯವರು ಅವನನ್ನು ಕರೆದು ಕೇಳಿದ್ದರು ಅಂತ ಕಾಣುತ್ತದೆ. ಗ್ಯಾರೇಜುಗಳ ಸಾಲಿನಲ್ಲಿ ಹಿಂದಿನಿಂದ ವ್ಯಾನು ಬಂದು ನಿಂತಿತು. ಇಳಿದ ಹನುಮಂತರಾಜುವಿನ ಕೈಯಲ್ಲಿ ಚಕ್ರ ಬಿಚ್ಚುವ ಪಾನ ಇತ್ತು.

"ಇಲ್ಲಿಗೂ ಬಂದ್ಯಾ?"

ಮೊದಲ ಏಟಿಗೆ ಅವಳು ಅಡ್ಡ ಹಿಡಿದ ಬಲಗೈ ಮೊಣಕೈಯ ಕೆಳಗೆ ಮುರಿಯಿತು. ಆ ಸದ್ದು ತನಗೇ ಕೇಳಿಸಿತು ಎಂದು ಅವಳು ಹೇಳುತ್ತಾಳೆ. ಎರಡನೆಯದು ಭುಜಕ್ಕೆ. ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಒದೆಯುತ್ತಲೇ ಇದ್ದ. ಮೆಕ್ಯಾನಿಕ್‌ಗಳು ಕೆಲಸ ಬಿಟ್ಟು ಓಡಿಬಂದಾಗ ವ್ಯಾನನ್ನು ಅಲ್ಲೇ ಬಿಟ್ಟು ಗಲ್ಲಿಯೊಳಗೆ ನುಗ್ಗಿ ಮಾಯವಾದ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಪಲ್ಲವಿಯ ಮನೆಗೆ ಬಂದ ಮಂಗಳಾ ಸುಮ್ಮನೆ ಮಲಗಲಿಲ್ಲ. ಬೆಳಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಗೇಟಿನ ಮುಂದೆ ನಿಂತು, ಮಕ್ಕಳನ್ನು ಬಿಡಲು ಬಂದ ತಂದೆ ತಾಯಿಯರಿಗೆಲ್ಲ ಹೇಳಿದಳು. "ನಿಮ್ಮ ವ್ಯಾನಿನ ಡ್ರೈವರು ಹನುಮಂತರಾಜು ಅಂತ. ಮಗುವಿನ ಮೇಲೆ ಕೈ ಮಾಡಿ ಜೈಲಿಗೆ ಹೋಗಿ ಬಂದೋನು. ನಾನೇ ಅವನ ಹೆಂಡ್ತಿ." ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಮಧ್ಯಾಹ್ನದೊಳಗೆ ಆ ವಿಡಿಯೋ ಊರಿನ ಎಲ್ಲ ಗುಂಪುಗಳಿಗೂ ಹೋಗಿತ್ತು.

ಅವನು ಊರು ಬಿಟ್ಟೇ ಓಡಿಹೋಗಿದ್ದಾನೆ ಎಂಬುದು ಮಂಗಳಾಗೆ ತಿಳಿದಿರಲಿಲ್ಲ, ಶಾಲೆಯವರಿಗೆ ಗೊತ್ತಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ಬೇರೊಬ್ಬ ಡ್ರೈವರನ್ನು ತಂದಿದ್ದರು. ಅವನ ಹೆಸರು ಮಾರುತಿ. ಹಿರಿಯೂರಿನವನೇ, ಮೊದಲು ಟೊಮೆಟೊ ಲಾರಿ ಓಡಿಸುತ್ತಿದ್ದ. ಸಂಜೆ ಶಾಲೆ ಬಿಟ್ಟು ಅವನು ಮಕ್ಕಳನ್ನು ಹತ್ತಿಸಿಕೊಂಡು ಗೇಟು ದಾಟುತ್ತಿದ್ದಂತೆ, ವಿಡಿಯೋ ನೋಡಿ ಬಂದಿದ್ದ, ಹಳೆಯ ಡ್ರೈವರಿನ ಮುಖ ಕಂಡಿರದ ಜನ ವ್ಯಾನಿಗೆ ಅಡ್ಡ ಬಂದರು. ಬಾಗಿಲು ಕಿತ್ತು ಅವನನ್ನು ಕಾಲರು ಹಿಡಿದು ಕೆಳಗೆಳೆದರು.

"ನಾನಲ್ಲ ಕಣ್ರಪ್ಪ, ನನ್ ಹೆಸರು ಮಾರುತಿ!"

"ಹನುಮಂತ ಅಂದ್ರೂ ಒಂದೇ, ಮಾರುತಿ ಅಂದ್ರೂ ಒಂದೇ. ಹೆಸರು ಬದಲಾಯ್ಸ್ತೀಯೇನ್ಲೇ?" ಎಂದು ಒಬ್ಬ ಕೂಗಿದ. ಆ ಮಾತಿಗೆ ಕೆಲವರು ನಕ್ಕರು ಕೂಡ. ಆಮೇಲೆ ಹೊಡೆಯಲು ಶುರುಮಾಡಿದರು.

ಚಪ್ಪಲಿ, ಹೆಲ್ಮೆಟ್ಟು, ಬೇಲಿಯ ಗೂಟ, ಕೈಗೆ ಸಿಕ್ಕಿದ್ದರಿಂದೆಲ್ಲ ಹೊಡೆದರು. ಅಂಗಿ ಹರಿದು ಕೊರಳಿಗೆ ಸುತ್ತಿ ಎಳೆದರು. ವ್ಯಾನಿನೊಳಗೆ ಮಕ್ಕಳು ಕಿಟಕಿಗೆ ಮುಖ ಒತ್ತಿ ಕಿರುಚುತ್ತಿದ್ದವು. ಯಾರ ಮಕ್ಕಳಿಗಾಗಿ ಅವರು ಹೊಡೆಯುತ್ತಿದ್ದರೋ ಆ ಮಕ್ಕಳ ಕೂಗು ಅವರಿಗೆ ಕೇಳಿಸುತ್ತಿರಲಿಲ್ಲ. ಮಾರುತಿ ಮೊದಮೊದಲು ಕೈಮುಗಿಯುತ್ತಿದ್ದ. ಆಮೇಲೆ ಕೈ ಎತ್ತಲಾಗಲಿಲ್ಲ.

ಪಲ್ಲವಿ ಅಂಗಡಿಯಿಂದ ಓಡಿಹೋಗಿ ಮಂಗಳಾಗೆ ಹೇಳಿದಳು. ಇಬ್ಬರೂ ಬರುವಷ್ಟರಲ್ಲಿ ಅವನ ಮುಖ ಗುರುತು ಸಿಗದಂತಾಗಿತ್ತು. ಆದರೂ ಆ ಕಾಲು, ಆ ಮೈಕಟ್ಟು ತನ್ನ ಗಂಡನದಲ್ಲ ಎಂದು ಅವಳಿಗೆ ತಕ್ಷಣ ತಿಳಿಯಿತು. "ಇವನಲ್ಲ! ಇವನಲ್ಲ! ನಾನು ಹೆಂಡ್ತಿ ಹೇಳ್ತಿದೀನಿ, ಇವನಲ್ಲ!" ಎಂದು ಜನರ ನಡುವೆ ನುಗ್ಗಿ ಅವನ ಮೇಲೆ ಅಡ್ಡ ಬಿದ್ದಳು. ಗೂಟದ ಏಟೊಂದು ಅವಳ ಬೆನ್ನಿಗೆ ಬಿತ್ತು. ಇನ್ನೊಂದು ಪಟ್ಟಿ ಕಟ್ಟಿದ ಕೈಯ ಮೇಲೆಯೇ ಬಿತ್ತು. ವಿಡಿಯೋದಲ್ಲಿ ಅವಳನ್ನು ನೋಡಿದ್ದ ಒಬ್ಬ ಗುರುತು ಹಿಡಿದು "ನಿಲ್ಸ್ರೋ, ಆ ಯಮ್ಮನೇ ಕಣ್ರೋ" ಎಂದಾಗ ಕೈಗಳು ನಿಂತವು. ನೋಡುನೋಡುತ್ತಿದ್ದಂತೆ ಜನ ಕರಗಿದರು.

ಮಾರುತಿಯ ಎಡಗಣ್ಣು ಹೋಯಿತು. ದವಡೆ ಮುರಿದಿತ್ತು. ಆಸ್ಪತ್ರೆಯ ವರಾಂಡದಲ್ಲಿ ಅವನ ಹೆಂಡತಿ ಸುಪ್ರಿಯಾ ಮಂಗಳಾಳನ್ನು ನೋಡಿ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು.

"ನಿನ್ ಬಾಯಿಂದ ಬಂದ ಮಾತಿಗೆ ನನ್ ಗಂಡನ ಕಣ್ಣು ಹೋಯ್ತು. ನಿನ್ ಗಂಡ ಎಲ್ಲಿ? ಆರಾಮಾಗಿ ಎಲ್ಲೋ ಉಣ್ತಿದಾನೆ. ಕೊಡು ನನ್ ಗಂಡನ ಕಣ್ಣ!"

ಮಂಗಳಾ ಕೆನ್ನೆ ತಿರುಗಿಸಲಿಲ್ಲ. "ಹೊಡಿಯಮ್ಮ" ಎಂದಳು. ಅದನ್ನು ಕೇಳಿ ಸುಪ್ರಿಯಾ ಅಲ್ಲೇ ಕುಸಿದು ಕೂತು ಅತ್ತಳು. ಮಾರನೆಯ ದಿನವೂ ಮಂಗಳಾ ಗಂಜಿ ತೆಗೆದುಕೊಂಡು ಹೋದಳು. ಸುಪ್ರಿಯಾ ಅದನ್ನು ಚೆಲ್ಲಿದಳು. ಮತ್ತೆ ತಂದಾಗ ತೆಗೆದುಕೊಂಡಳು. ಮಾತು ಬರುವಂತಾದ ಮೇಲೆ ಮಾರುತಿ ಹೆಂಡತಿಗೆ ಹೇಳಿದ: "ಆ ಯಮ್ಮ ಮೈಮೇಲೆ ಬೀಳ್ದಿದ್ರೆ ನಾನು ಉಳೀತಿರ್ಲಿಲ್ಲ ಕಣೆ. ಒಳ್ಳೆ ಮಾತಾಡು."

ಹೀಗೆ ಆ ಇಬ್ಬರು ಹೆಂಗಸರು ಮಾತಿಗೆ ಕೂತರು. ಸುಪ್ರಿಯಾ ಹತ್ತನೇ ತರಗತಿ ಓದಿದವಳು, ನೇರ ಮಾತಿನವಳು. "ಆ ದಾಖಲೆ ಪೊಲೀಸ್ರ ಹತ್ರ ಐತಲ್ಲ? ಅದರಾಗೆ ಫೋಟೋ ಐತಲ್ಲ? ಸ್ಕೂಲ್ನೋರು ಅದನ್ನ ಮೊದ್ಲೇ ನೋಡಿದ್ರೆ ಅವನಿಗೆ ವ್ಯಾನೇ ಕೊಡ್ತಿರ್ಲಿಲ್ಲ. ಜನ ನೋಡಿದ್ರೆ ನಮ್ಮೋರ ಕಣ್ಣು ಹೋಗ್ತಿರ್ಲಿಲ್ಲ" ಎಂದಳು.

ಇದನ್ನೇ ಕೇಳಲು ಇಬ್ಬರೂ ಚಿತ್ರದುರ್ಗದ ವಕೀಲೆ ದಾಕ್ಷಾಯಿಣಿಯ ಬಳಿಗೆ ಹೋದರು. ಮಂಗಳಾಳ ಆಸೆ ಬೇರೆಯೇ ಇತ್ತು. ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಅಂಥವರ ಫೋಟೋ, ಹೆಸರು, ವಿಳಾಸ ಅಂಟಿಸಬೇಕು ಎಂದಳು. ಸುಪ್ರಿಯಾ ಅವಳ ಮಾತನ್ನು ಅರ್ಧಕ್ಕೇ ತಡೆದಳು.

"ಗೋಡೆಗೆ ಅಂಟಿಸಿದ್ರೆ ಬೆಳಗಾಗೋದ್ರೊಳಗೆ ಮನೆಗೆ ಬೆಂಕಿ ಇಡ್ತಾರೆ. ಒಳಗೆ ಹೆಂಡ್ತಿ ಮಕ್ಕಳು ಇರ್ತಾರೆ. ನೀನೂ ಒಂದು ದಿನ ಅಂಥ ಮನೇಲೇ ಇದ್ದೆ. ಜನ ಹೊಡಿಯೋದು ಹೆಂಗಿರ್ತೈತೆ ಅಂತ ನೀನೂ ನೋಡಿದೀಯ, ನಾನೂ ನೋಡಿದೀನಿ."

ಮಂಗಳಾ ಜಗಳಕ್ಕೇ ನಿಂತಳು. "ಮುಚ್ಚಿಟ್ಟು ಮುಚ್ಚಿಟ್ಟೇ ಇಷ್ಟಾಗಿರೋದು" ಎಂದಳು. ಬಹಳ ಹೊತ್ತು ಏರುದನಿಯ ಮಾತು ನಡೆಯಿತು. ದಾಕ್ಷಾಯಿಣಿ ಕೊನೆಗೆ ಇಬ್ಬರ ಮಾತನ್ನೂ ಸೇರಿಸಿ ಮನವಿ ಬರೆದಳು. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಶಿಕ್ಷೆಯಾದವರ ದಾಖಲೆಯನ್ನು ಫೋಟೋ ಸಮೇತ, ತಾಲ್ಲೂಕು ಕೇಂದ್ರದಲ್ಲಿ, ಗುರುತಿನ ಚೀಟಿ ತಂದು ಕೇಳಿದ ಯಾವ ತಂದೆ ತಾಯಿಗಾದರೂ, ಕೆಲಸಕ್ಕೆ ತೆಗೆದುಕೊಳ್ಳುವ ಯಾವ ಸಂಸ್ಥೆಗಾದರೂ ತೋರಿಸಬೇಕು. ನೊಂದ ಮಗುವಿನ ಹೆಸರು, ಊರು ಅದರಲ್ಲಿ ಎಲ್ಲೂ ಇರಬಾರದು. ನೋಡಿದವರು ಕೈ ಎತ್ತಿದರೆ ಅವರಿಗೂ ಶಿಕ್ಷೆಯಾಗಬೇಕು. ಆ ಕೊನೆಯ ಸಾಲು ಸುಪ್ರಿಯಾ ಹಠ ಹಿಡಿದು ಹಾಕಿಸಿದ್ದು.

ಸಹಿ ಸಂಗ್ರಹಕ್ಕೆ ಊರೂರು ತಿರುಗಿದರು. ಹೊಸದುರ್ಗದ ಸಂತೆಯಲ್ಲಿ ಒಬ್ಬ ಮಂಗಳಾಳ ಮುಖಕ್ಕೆ ಎಲೆಯಡಿಕೆ ಉಗಿದ. ಹೊಳಲ್ಕೆರೆಯಲ್ಲಿ "ಗಂಡನ ಮಾನ ಹರಾಜು ಹಾಕೋಳು ಬಂದ್ಲು" ಎಂದು ಕೂಗಿ ಮೈಕಿನ ವೈರು ಕಿತ್ತರು. ಒಂದು ಹಳ್ಳಿಯಲ್ಲಿ ಸಗಣಿ ನೀರು ಎರಚಿದರು. ಅದೇ ಹಳ್ಳಿಯಲ್ಲಿ, ಮೈ ತೊಳೆದುಕೊಳ್ಳಲು ನೀರು ಕೊಟ್ಟ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತುವಾಗ ಬಿಕ್ಕಿ ಬಿಕ್ಕಿ ಅತ್ತಳು. ಏಕೆ ಎಂದು ಹೇಳಲಿಲ್ಲ. ಇವರೂ ಕೇಳಲಿಲ್ಲ.

ಚಿತ್ರದುರ್ಗದ ಡಿಸಿ ಆಫೀಸಿನ ಎದುರು ಧರಣಿ ಕೂತ ದಿನ ಬೋರಪ್ಪ ಗೆಳೆಯರನ್ನು ಕಟ್ಟಿಕೊಂಡು ಟೆಂಪೊದಲ್ಲಿ ಬಂದ. ಮನೆತನದ ಹೆಸರು ಪೇಪರಿನಲ್ಲಿ ಬಂದದ್ದು ಅವನಿಗೆ ತಡೆಯಲಾಗಿರಲಿಲ್ಲ. ಬಂದವರೇ ಶಾಮಿಯಾನದ ಹಗ್ಗ ಕೊಯ್ದರು. ಬಟ್ಟೆ ಹೆಂಗಸರ ಮೇಲೆ ಕುಸಿಯಿತು. ಅದರಡಿಯಿಂದ ತೆವಳಿ ಹೊರಗೆ ಬರುತ್ತಿದ್ದವರ ತಲೆಗೆ, ಬೆನ್ನಿಗೆ ಬಿದಿರು ಗಳದಿಂದ ಬಡಿದರು. ಮಂಗಳಾ ಎದ್ದು ನಿಂತಳು.

"ಬೋರಪ್ಪ, ನಿಂಗೂ ಹೆಣ್ಮಕ್ಕಳವೆ."

"ನನ್ ಮಕ್ಕಳ ಸುದ್ದಿಗೆ ಬರ್ತೀಯೇನೇ!" ಎಂದು ಅವನು ಕೈಗೆ ಸಿಕ್ಕ ಜಲ್ಲಿಕಲ್ಲು ಬೀಸಿದ. ಅದು ಅವಳ ಬಾಯಿಗೆ ಬಡಿಯಿತು. ಮುಂದಿನ ಹಲ್ಲುಗಳು ಮುರಿದು ರಕ್ತದ ಜೊತೆ ಸೀರೆಯ ಮೇಲೆ ಬಿದ್ದವು. ಸುಪ್ರಿಯಾ ಹಿಂದಿನಿಂದ ಹಾರಿ ಬೋರಪ್ಪನ ಕಾಲರು ಹಿಡಿದು ಕಾಲಿನ ಚಪ್ಪಲಿಯಿಂದ ಮುಖಕ್ಕೆ ಬಾರಿಸತೊಡಗಿದಳು. ಎಂದೂ ಯಾರ ಮೇಲೂ ಕೈಮಾಡದ ದಾಕ್ಷಾಯಿಣಿ ಕೂಡ ಅವನ ತೋಳಿಗೆ ಉಗುರು ಇಳಿಸಿದ್ದಳಂತೆ. ಪೊಲೀಸರು ಲಾಠಿ ಬೀಸಿ ಎಲ್ಲರನ್ನೂ ಬೇರೆ ಮಾಡಿದರು. ಬೋರಪ್ಪನನ್ನು ಹಿಡಿದುಕೊಂಡು ಹೋದರು. ಕೆಲವೇ ದಿನಗಳಲ್ಲಿ ಜಾಮೀನಿನ ಮೇಲೆ ಬಂದ.

ಅವನು ಬಂದ ಸ್ವಲ್ಪ ದಿನಕ್ಕೆ ಮಂಗಳಾಗೆ ಒಂದು ಫೋನು ಬಂತು. ಪಿಸುದನಿ. ಬೋರಪ್ಪನ ಹೆಂಡತಿ ತಿಪ್ಪಮ್ಮ.

"ಅಕ್ಕ, ಭಾವ ನಮ್ಮನೇಲೇ ಅದಾನೆ. ಅಟ್ಟದ ಮೇಲೆ ಇಟ್ಟವ್ರೆ. ಮನೇಲಿ ಮಕ್ಕಳವೆ ಅಕ್ಕ. ನಾನು ಮಕ್ಕಳನ್ನ ಕಣ್ಣಿಂದ ಆಚೆ ಬಿಡ್ತಿಲ್ಲ. ಬಚ್ಚಲಿಗೂ ಜತೆಗೇ ಕರ್ಕಂಡು ಹೋಗ್ತಿನಿ. ಇವ್ರಿಗೆ ಹೇಳಿದ್ರೆ ನನ್ನೇ ಹೊಡೀತಾರೆ. ಬಾ ಅಕ್ಕ."

ಮಂಗಳಾ ಪೊಲೀಸರಿಗೆ ತಿಳಿಸಿದಳು. ಜೀಪು ಶ್ರೀರಾಂಪುರ ಮುಟ್ಟಿದಾಗ ನಡುಹಗಲು. ಅವಳೂ ಜೊತೆಗಿದ್ದಳು. ಜೀಪಿನ ಸದ್ದು ಕೇಳಿ ಹನುಮಂತರಾಜು ಅಟ್ಟದಿಂದ ಧುಮುಕಿದ. ಕಾಯಿ ಕೆತ್ತುವ ಮಚ್ಚು ಗೋಡೆಗೆ ಒರಗಿತ್ತು. ಅದನ್ನು ಎತ್ತಿಕೊಂಡ. ತಮ್ಮನೇ ಹಿಡಿದುಕೊಟ್ಟ ಎಂದು ಅವನು ತಿಳಿದಿದ್ದ.

"ಅಣ್ಣಂಗೇ ಬತ್ತಿ ಇಟ್ಟೇನ್ಲೇ?"

"ಇಲ್ಲ ಕಣಣ್ಣ, ನಂಗೇನೂ ಗೊತ್ತಿಲ್ಲ" ಎಂದು ಬೋರಪ್ಪ ಕೈ ಮುಂದೆ ಮಾಡಿದ. ಮಚ್ಚು ಬಿತ್ತು. ಬಲಗೈಯ ಬೆರಳುಗಳು ನೆಲಕ್ಕುದುರಿದವು. ಎರಡನೆಯ ಏಟು ಭುಜ ಸೀಳಿತು. ತಿಪ್ಪಮ್ಮ ಮಕ್ಕಳನ್ನು ಒಳಕೋಣೆಗೆ ತಳ್ಳಿ ಬಾಗಿಲಿಗೆ ಬೆನ್ನು ಕೊಟ್ಟಳು. ಹನುಮಂತರಾಜು ಆ ಕಡೆ ತಿರುಗಿದ. ಆ ಕೋಣೆಗೆ ಹಿತ್ತಲ ಬಾಗಿಲಿತ್ತು, ಅವನಿಗೆ ಓಡಲು ಅದೊಂದೇ ದಾರಿ. ರಕ್ತ ಸುರಿಯುತ್ತಿದ್ದ ಬೋರಪ್ಪ ಬಿದ್ದಲ್ಲಿಂದಲೇ ಅಣ್ಣನ ಎರಡೂ ಕಾಲು ತಬ್ಬಿ ಹಿಡಿದ.

"ಅಲ್ಲಿ ಹೋಗಬ್ಯಾಡ. ಅಲ್ಲಿ ನನ್ ಮಕ್ಕಳವೆ. ಅಲ್ಲಿ ಹೋಗಬ್ಯಾಡ!"

ಪೊಲೀಸರಿಗಿಂತ ಮೊದಲೇ ಜೀಪಿನಿಂದ ಓಡಿಬಂದು ಹೊಸ್ತಿಲಲ್ಲಿ ನಿಂತಿದ್ದ ಮಂಗಳಾಗೆ ಆ ಕೂಗು ಕೇಳಿಸಿತು. ಅಣ್ಣ ಏನು ಎಂದು ಬೋರಪ್ಪನಿಗೆ ಮೊದಲಿಂದಲೂ ಗೊತ್ತಿತ್ತು ಎಂಬುದು ಅವಳಿಗೆ ಆ ಕ್ಷಣ ತಿಳಿಯಿತು. ಹನುಮಂತರಾಜು ತಮ್ಮನ ಬೆನ್ನಿಗೆ ಮಚ್ಚು ಎತ್ತಿದಾಗ ಅವಳು ಅಲ್ಲಿದ್ದ ಒನಕೆ ಹಿಡಿದು ಎಡಗೈಯ ಬಲವೆಲ್ಲ ಹಾಕಿ ಅವನ ಮಣಿಕಟ್ಟಿಗೆ ಬಡಿದಳು. ಮಚ್ಚು ಕೈಜಾರಿತು. ಅವನು ಬಿದ್ದ. ಅವಳು ಒನಕೆಯನ್ನು ಮತ್ತೆ ಎತ್ತಿದಳು. ಈ ಸಲ ತಲೆಯ ನೇರಕ್ಕೆ ಎತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡ.

"ಯಾಕೆ ಹೊಡೀಲಿಲ್ಲ?" ಎಂದು ನಾನು ಅವಳನ್ನು ಕೇಳಿದೆ.

"ಹೊಡೀಬೇಕು ಅಂತಲೇ ಎತ್ತಿದ್ದೆ" ಎಂದಳು. "ಪೊಲೀಸ್ರು ಹಿಂದಿಂದ ಒನಕೆ ಹಿಡ್ಕಂಡ್ರು. ಅವರು ಹಿಡೀದಿದ್ರೆ ಏನಾಗ್ತಿತ್ತೋ ನಂಗೇ ಗೊತ್ತಿಲ್ಲ. ನಾನೇ ಬಿಟ್ಟೆ ಅಂತ ಸುಳ್ಳು ಯಾಕೆ ಹೇಳ್ಲಿ."

ಹನುಮಂತರಾಜು ಈಗ ಮತ್ತೆ ಜೈಲಿನಲ್ಲಿದ್ದಾನೆ. ಅವನ ವಿರುದ್ಧ ಈ ಸಲ ಸಾಕ್ಷಿ ಹೇಳಿದವರಲ್ಲಿ ಬೋರಪ್ಪನೂ ಒಬ್ಬ. ಅತ್ತಿಗೆಯ ಹತ್ತಿರ ಅವನು ತಪ್ಪಾಯಿತು ಎಂದು ಕೇಳಿಲ್ಲ. ಅವಳೂ ಅದಕ್ಕೆ ಕಾಯುತ್ತಿಲ್ಲ. ಹಿರಿಯೂರಿನಲ್ಲಿ ಮಾರುತಿಯನ್ನು ಹೊಡೆದವರ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಹೊಡೆದವರಲ್ಲಿ ಒಬ್ಬಾತ ಅವನ ಬೀದಿಯವನೇ, ನೂಕಾಟದಲ್ಲಿ ಮುಖ ನೋಡದೆ ಹೊಡೆದಿದ್ದ. ದಿನವೂ ಎದುರಿಗೆ ಸಿಗುತ್ತಾನೆ, ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಒಂದೇ ಕಣ್ಣಿನವನಿಗೆ ಯಾರೂ ಗಾಡಿ ಕೊಡದ ಕಾರಣ ಮಾರುತಿ ಟೀ ಅಂಗಡಿ ಇಟ್ಟಿದ್ದಾನೆ.

ಮನವಿ ಬೆಂಗಳೂರಿಗೆ ಹೋಗಿದೆ. ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ಉತ್ತರದ ಹೊರತು ಏನೂ ಬಂದಿಲ್ಲ. ಕಾನೂನು ಇದ್ದಲ್ಲೇ ಇದೆ. ಆದರೆ ಸುತ್ತಲಿನ ಕೆಲವು ಶಾಲೆಗಳು ಡ್ರೈವರು, ಆಯಾ, ಕಾವಲುಗಾರ ಯಾರನ್ನೇ ತೆಗೆದುಕೊಂಡರೂ ಮೊದಲು ಪೊಲೀಸರ ಪರಿಶೀಲನಾ ಪತ್ರ ಕೇಳತೊಡಗಿವೆ. ಅದನ್ನು ಕೇಳದ ಶಾಲೆಯ ಗೇಟಿನ ಮುಂದೆ ಈ ಇಬ್ಬರು ಹೋಗಿ ಕೂರುತ್ತಾರೆ. ಈಗ ಯಾರ ಹೆಸರನ್ನೂ ಕೂಗುವುದಿಲ್ಲ, ಮೊಬೈಲು ಹಿಡಿದವರಿಗೆ ಕೈ ಅಡ್ಡ ಹಿಡಿಯುತ್ತಾರೆ. ಒಳಗೆ ಕರೆಯುವವರೆಗೆ ಸುಮ್ಮನೆ ಕೂರುತ್ತಾರೆ.

ಕಳೆದ ತಿಂಗಳು ಶ್ರೀರಾಂಪುರಕ್ಕೆ ಸಹಿಗೆ ಹೋದಾಗ ನಾನೂ ಜೊತೆಗಿದ್ದೆ. ಬೋರಪ್ಪ ಜಗಲಿಯ ಮೇಲೆ ಕೂತಿದ್ದ. ಇವರನ್ನು ಕಂಡು ಎದ್ದು ಒಳಗೆ ಹೋದ. ತಿಪ್ಪಮ್ಮ ಹೊರಗೆ ಬಂದು, "ಕುಂತ್ಕಳ್ರಿ ಅಕ್ಕ" ಎಂದು ಚಾಪೆ ಹಾಸಿದಳು. ಓದು ಬರದ ಅವಳಿಗೆ ದೊಡ್ಡ ಮಗಳು ಮನವಿಯನ್ನು ಓದಿ ಹೇಳಿದಳು. ತಿಪ್ಪಮ್ಮ ಪೂರ್ತಿ ಕೇಳಿ ಹೆಬ್ಬೆಟ್ಟು ಒತ್ತಿದಳು.

"ಇವ್ರದ್ದೂ ಹಾಕಿಸ್ಲಾ ಅಕ್ಕ?" ಎಂದು ಒಳಗೆ ಕೈ ತೋರಿಸಿದಳು.

"ಬ್ಯಾಡ. ಅವನಾಗೇ ಬಂದು ಹಾಕಿದ್ರೆ ಹಾಕ್ಲಿ" ಎಂದಳು ಮಂಗಳಾ. ಮುರಿದ ಹಲ್ಲುಗಳ ಜಾಗದಲ್ಲಿ ಮಾತು ಸ್ವಲ್ಪ ಗಾಳಿಯಾಗಿ ಬರುತ್ತದೆ. ಟೀ ಕುಡಿದಾದ ಮೇಲೂ ಸ್ವಲ್ಪ ಹೊತ್ತು ಕೂತಿದ್ದೆವು. ಒಳಗಿನಿಂದ ಯಾರೂ ಬರಲಿಲ್ಲ. ಸುಪ್ರಿಯಾ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

"ಏಳಕ್ಕ, ಆ ಕಡೆ ಬೀದಿ ಇನ್ನೂ ಹಂಗೇ ಐತೆ. ಬಿಸಿಲು ಏರೋದ್ರೊಳಗೆ ಮುಗಿಸಿ ಹೋಗಾಣ."